ಹೊಸ ಕಂಪ್ಯೂಟರ್ ಜೋಡಿಸಿ ಬಟನ್ ಒತ್ತಿದರೆ ಸದ್ದೇ ಇಲ್ಲವೇ? ಗೋಡೆಯ ಪ್ಲಗ್‌ನಿಂದ ಶುರು ಮಾಡಿ

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್.ಪಿ. ರೋಡಿನಿಂದ ಏಳೆಂಟು ಪೆಟ್ಟಿಗೆ ಹೊತ್ತು ತಂದು, ಅರ್ಧ ದಿನ ನೆಲದ ಮೇಲೆ ಕೂತು ಜೋಡಿಸಿ, ಕೊನೆಗೆ ಪವರ್ ಬಟನ್ ಒತ್ತಿದರೆ ಕ್ಯಾಬಿನೆಟ್ ಕಮಕ್ ಕಿಮಕ್ ಎನ್ನುವುದಿಲ್ಲ. ಮೊದಲ ಅನುಮಾನ ಮದರ್‌ಬೋರ್ಡ್ ಮೇಲೆ, ಎರಡನೆಯದು ಅಂಗಡಿಯವರ ಮೇಲೆ. ಎರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಭಾಗಗಳು ಪೆಟ್ಟಿಗೆಯಿಂದಲೇ ಕೆಟ್ಟು ಬರುವುದು ಉಂಟು. ಆದರೆ ಹೊಸ ಜೋಡಣೆಯಲ್ಲಿ ಹೆಚ್ಚಿನ ಸಲ ಸಿಗುವುದು ಪೂರ್ತಿ ಕೂರದ ಕನೆಕ್ಟರ್, ಮರೆತ ಕೇಬಲ್, ತಪ್ಪು ಪಿನ್ನಿಗೆ ಸಿಕ್ಕಿಸಿದ ಬಟನ್ ವೈರ್, ಇಲ್ಲವೇ ಬೋರ್ಡಿನ ಅಡಿಯಲ್ಲಿ ಬೇಡದ ಜಾಗದಲ್ಲಿ ಉಳಿದ ಹಿತ್ತಾಳೆಯ ಗಿಡ್ಡ ಕಾಲು (ಸ್ಟ್ಯಾಂಡಾಫ್).

ಹುಡುಕುವ ದಾರಿ ಒಂದೇ: ಕರೆಂಟು ಬರುವ ದಿಕ್ಕಿನಲ್ಲೇ ನಡೆಯಿರಿ. ಗೋಡೆ, ಕೇಬಲ್, ಕ್ಯಾಬಿನೆಟ್ ಒಳಗಿನ ಪವರ್ ಪೆಟ್ಟಿಗೆಯಾದ ಎಸ್‌ಎಂಪಿಎಸ್, ಮದರ್‌ಬೋರ್ಡ್, ಬಟನ್, ಪ್ರೊಸೆಸರ್, ಆಮೇಲೆ ಉಳಿದದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಕೇಬಲ್ ಒಟ್ಟಿಗೆ ಅಲುಗಾಡಿಸಿ ಆನ್ ಆದರೆ ತಪ್ಪು ಎಲ್ಲಿತ್ತೆಂದು ಗೊತ್ತಾಗುವುದಿಲ್ಲ, ಮುಂದಿನ ವಾರ ಅದೇ ರಗಳೆ ಮತ್ತೆ ಶುರು.

ಮೊದಲು, ‘ಆನ್ ಆಗುತ್ತಿಲ್ಲ’ ಅಂದರೆ ಏನು?

ಈ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೂರುಗಳು ಅಡಗಿವೆ. ಯಾವುದೆಂದು ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಫ್ಯಾನ್ ಇಲ್ಲ, ಲೈಟ್ ಇಲ್ಲ, ಏನೂ ಇಲ್ಲ: ಕರೆಂಟು ಬೋರ್ಡಿಗೆ ತಲುಪಿಲ್ಲ, ಅಥವಾ ‘ಆನ್ ಆಗು’ ಎಂಬ ಸೂಚನೆ ತಲುಪಿಲ್ಲ.

ಫ್ಯಾನ್ ಕಾಲು ಸುತ್ತು ತಿರುಗಿ, ಟಿಕ್ ಎಂದು ನಿಂತುಬಿಡುತ್ತದೆ: ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಂಡಿದೆ.

ಆನ್ ಆಗಿ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗುತ್ತದೆ, ಅಥವಾ ಆನ್-ಆಫ್ ಆಟವಾಡುತ್ತಲೇ ಇರುತ್ತದೆ: ಮೊದಲನೆಯದಕ್ಕೆ ಒಳಗೇ ಸಿಕ್ಕಿಕೊಂಡ ಪವರ್ ಬಟನ್ ಕಾರಣವಿರಬಹುದು. ಎರಡನೆಯದು ಸಾಮಾನ್ಯವಾಗಿ ರ್‍ಯಾಮ್ ಅಥವಾ ಪ್ರೊಸೆಸರಿನ 8 ಪಿನ್ ಕೇಬಲ್.

ಫ್ಯಾನ್ ಚೆನ್ನಾಗಿ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು: ಇದು ಹೆಚ್ಚಾಗಿ ಪವರ್ ತೊಂದರೆಯಲ್ಲ. ಪ್ರೊಸೆಸರಿನ 8 ಪಿನ್ ಕೇಬಲ್ ಕೂತಿದೆಯೇ ಎಂದು ಮಾತ್ರ ನೋಡಿ, ಕೂತಿದ್ದರೆ ನೇರವಾಗಿ ‘ಪರದೆ ಕಪ್ಪು’ ಎಂಬ ಭಾಗಕ್ಕೆ ಹೋಗಿ.

ಗೋಡೆಯಿಂದ ಎಸ್‌ಎಂಪಿಎಸ್‌ವರೆಗೆ

ಸಾಕೆಟ್‌ನಲ್ಲಿ ಟೆಸ್ಟರ್ ಹೊತ್ತಿಕೊಂಡರೆ ಕರೆಂಟು ಇದೆ ಎಂದು ಬಹಳ ಜನ ನಂಬುತ್ತಾರೆ. ಟೆಸ್ಟರ್ ಹೇಳುವುದು ಫೇಸ್ ಇದೆ ಎಂದಷ್ಟೇ. ನ್ಯೂಟ್ರಲ್ ಕಳಚಿದ್ದರೂ ಅದು ಹೊತ್ತಿಕೊಳ್ಳುತ್ತದೆ. ಅದೇ ಸಾಕೆಟ್‌ಗೆ ಟೇಬಲ್ ಲ್ಯಾಂಪ್ ಅಥವಾ ಫೋನ್ ಚಾರ್ಜರ್ ಹಾಕಿ ನೋಡುವುದು ಹೆಚ್ಚು ನಂಬಿಕೆಯ ಪರೀಕ್ಷೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ 6 ಮತ್ತು 16 ಆಂಪಿಯರ್ ಎರಡಕ್ಕೂ ಆಗುವ ಸಾಕೆಟ್‌ಗಳು ಸಾಮಾನ್ಯ. ಹಳತಾದ ಮೇಲೆ ಅವುಗಳಲ್ಲಿ ಸಣ್ಣ ಪ್ಲಗ್ ಸಡಿಲವಾಗಿ ಕೂರುತ್ತದೆ. ಪ್ಲಗ್ ಅಲುಗಾಡಿಸಿದಾಗ ಚರ್ ಚರ್ ಸದ್ದು ಬಂದರೆ ಬೇರೆ ಸಾಕೆಟ್ ನೋಡಿ.

ಮೊದಲ ಸಲ ಆನ್ ಮಾಡುವಾಗ ನಡುವೆ ಏನೂ ಬೇಡ: ಸ್ಪೈಕ್ ಗಾರ್ಡ್, ಎಕ್ಸ್‌ಟೆನ್ಶನ್ ಬಾಕ್ಸ್, ಯುಪಿಎಸ್ ಯಾವುದೂ ಬೇಡ. ಮನೆಗಳಲ್ಲಿ ಹೆಚ್ಚಾಗಿ ಇರುವ 600 ವಿಎ ಯುಪಿಎಸ್ ನಿಜಕ್ಕೂ ಕೊಡುವುದು ಸುಮಾರು 360 ವ್ಯಾಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರಕ್ಕೆ ಅದು ಸಾಲುವುದಿಲ್ಲ. ಅಲ್ಲದೆ ಯುಪಿಎಸ್ ಒಂದು ನಡುವೆ ಬಂದರೆ ಅನುಮಾನಿಸಲು ಇನ್ನೊಂದು ಯಂತ್ರ ಸೇರಿದಂತೆ.

ಈಗ ಎಸ್‌ಎಂಪಿಎಸ್ ಹಿಂದೆ ನೋಡಿ. ಮೂರು ಪಿನ್ನಿನ ಕಪ್ಪು ಕೇಬಲ್ ಸಾಮಾನ್ಯವಾಗಿ ಅರ್ಧಕ್ಕೇ ನಿಂತಿರುತ್ತದೆ, ಹೊಸದರಲ್ಲಿ ಅದು ಬಿಗಿ. ಗಟ್ಟಿಯಾಗಿ ಅದುಮಿ. ಪಕ್ಕದ ಸ್ವಿಚ್‌ನಲ್ಲಿ ಒಂದು ಗೀಟು, ಒಂದು ಸೊನ್ನೆ ಇರುತ್ತದೆ. ಗೀಟಿನ ಕಡೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಆಫ್. ನಗಬೇಡಿ, ಮೊದಲ ಸಲ ಜೋಡಿಸುವವರ ದೂರುಗಳಲ್ಲಿ ಒಳ್ಳೆಯ ಪಾಲು ಇಲ್ಲಿಗೇ ಮುಗಿಯುತ್ತದೆ.

ಹಳೆಯ ಅಥವಾ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ನಮ್ಮಲ್ಲಿ ಅದು 230ರ ಮೇಲೇ ಇರಬೇಕು. 115ಕ್ಕೆ ಇಟ್ಟು ನಮ್ಮ ಕರೆಂಟು ಕೊಟ್ಟರೆ ‘ಢಂ’ ಎಂದು ಒಳಗಿನ ಕೆಪಾಸಿಟರ್ ಇಲ್ಲವೇ ಫ್ಯೂಸ್ ಹೋಗುತ್ತದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ, ಅವುಗಳಲ್ಲಿ ಈ ಸ್ವಿಚ್ ಇರುವುದಿಲ್ಲ.

ಇಲ್ಲೇ ಒಂದು ಪಕ್ಕದ ಮಾತು. ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತಿದ್ದರೆ, ಟೆಸ್ಟರ್ ಇಟ್ಟರೆ ಮಂದವಾಗಿ ಹೊತ್ತಿಕೊಂಡರೆ, ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ಬಂದಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್‌ನ ಲೋಹಕ್ಕೆ ಸೇರಿರುತ್ತವೆ. ಅರ್ಥ್ ಇಲ್ಲದಿದ್ದರೆ ಸುಮಾರು ಅರ್ಧ ವೋಲ್ಟೇಜ್ ಕ್ಯಾಬಿನೆಟ್ ಮೇಲೆ ತೇಲುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಆದರೂ ಒದ್ದೆ ಕಾಲಿಗೆ ಹಿತವಲ್ಲ, ಯುಎಸ್‌ಬಿ ಪೋರ್ಟ್‌ಗಳಿಗೂ ಹಿತವಲ್ಲ. ಮನೆ ಓನರ್‌ಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ. ಅರ್ಥ್ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿಕೊಡುವ ‘ಅಡ್ಜಸ್ಟ್‌ಮೆಂಟ್’ಗೆ ಮಾತ್ರ ಒಪ್ಪಬೇಡಿ. ಎಂದಾದರೂ ನ್ಯೂಟ್ರಲ್ ಕಳಚಿದ ದಿನ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್ ಮೇಲೆ ಬಂದು ಕೂರುತ್ತದೆ.

ಬಟನ್ನನ್ನು ನಂಬಬೇಡಿ

ಹಿಂದಿನ ಸ್ವಿಚ್ ಆನ್ ಮಾಡಿದ ಕೂಡಲೇ, ಬಟನ್ ಒತ್ತುವ ಮೊದಲೇ, ಎಸ್‌ಎಂಪಿಎಸ್ 5 ವೋಲ್ಟ್‌ನ ಸ್ಟ್ಯಾಂಡ್‌ಬೈ ಕರೆಂಟು ಕೊಡಲು ಶುರು ಮಾಡುತ್ತದೆ. ಬಹಳಷ್ಟು ಬೋರ್ಡ್‌ಗಳಲ್ಲಿ ಆಗ ಒಂದು ಸಣ್ಣ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಗೋಡೆ, ಕೇಬಲ್, ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರ್ ಮೂರೂ ಬಹುಮಟ್ಟಿಗೆ ಸರಿ, ತೊಂದರೆ ಬಟನ್ನಿನಿಂದ ಆಚೆಗೆ. ಹೊತ್ತಿಕೊಳ್ಳದಿದ್ದರೆ ಅದರಿಂದಲೇ ತೀರ್ಮಾನಕ್ಕೆ ಬರಬೇಡಿ, ಇಂಥ ಲೈಟ್ ಇಲ್ಲದ ಬೋರ್ಡ್‌ಗಳೂ ಇವೆ.

ಮದರ್‌ಬೋರ್ಡ್‌ನ ಕೆಳತುದಿಯಲ್ಲಿ ಮುಂಭಾಗದ ವೈರ್‌ಗಳಿಗೆಂದು ಎರಡು ಸಾಲಿನಲ್ಲಿ 9 ಪಿನ್‌ಗಳಿರುತ್ತವೆ. ಹತ್ತನೆಯ ಪಿನ್ ಇರಬೇಕಾದ ಮೂಲೆ ಖಾಲಿ. ಸಾಮಾನ್ಯ ವಿನ್ಯಾಸದಲ್ಲಿ ಖಾಲಿ ಮೂಲೆಯಿರುವ ಸಾಲಿನಲ್ಲಿ ನಾಲ್ಕು ಪಿನ್. ಖಾಲಿ ಜಾಗಕ್ಕೆ ಹತ್ತಿರದ ಎರಡು ಪವರ್ ಬಟನ್ನಿಗೆ, ಆಚೆಯ ಎರಡು ಪವರ್ ಎಲ್‌ಇಡಿಗೆ. ಇನ್ನೊಂದು ಸಾಲಿನಲ್ಲಿ ಐದು. ಖಾಲಿ ಮೂಲೆಯ ಪಕ್ಕದ್ದು ಯಾವುದಕ್ಕೂ ಅಲ್ಲ, ಅದರಾಚೆಯ ಎರಡು ರೀಸೆಟ್, ಕೊನೆಯ ಎರಡು ಹಾರ್ಡ್ ಡಿಸ್ಕ್ ಎಲ್‌ಇಡಿ. ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರದೊಂದಿಗೆ ಒಮ್ಮೆ ಹೋಲಿಸಿ, ಕೆಲವು ಬೋರ್ಡ್‌ಗಳಲ್ಲಿ ಜೋಡಣೆ ಬೇರೆ. ಎಲ್‌ಇಡಿ ವೈರ್ ತಿರುಗಿಸಿ ಹಾಕಿದರೆ ಲೈಟ್ ಬರುವುದಿಲ್ಲ, ಅಷ್ಟೇ. ಬಟನ್ ವೈರ್‌ಗೆ ಪ್ಲಸ್-ಮೈನಸ್ ಭೇದವಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ಹಾಗಾಗಿ ಅದನ್ನು ತಿರುಗಿಸಿ ತಿರುಗಿಸಿ ಹಾಕಿ ನೋಡುತ್ತಾ ಕೂರಬೇಡಿ. ಒಂದು ಪಿನ್ ಪಕ್ಕಕ್ಕೆ ಜರುಗಿದೆಯೇ ಎಂದು ಮಾತ್ರ ಟಾರ್ಚ್ ಹಾಕಿ ನೋಡಿ.

ಬಟನ್ನನ್ನೇ ಆಟದಿಂದ ಹೊರಗಿಡಲು ಆ ವೈರ್ ಕಿತ್ತು, ಪವರ್ ಬಟನ್ನಿನ ಎರಡು ಪಿನ್‌ಗಳನ್ನು ಸ್ಕ್ರೂ ಡ್ರೈವರ್ ತುದಿಯಿಂದ ಅರ್ಧ ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಬಟನ್ ಮಾಡುವ ಕೆಲಸವೂ ಇಷ್ಟೇ. ಇಲ್ಲಿರುವುದು 5 ವೋಲ್ಟ್‌ಗಿಂತ ಹೆಚ್ಚಲ್ಲ, ಶಾಕ್ ಹೊಡೆಯುವುದಿಲ್ಲ. ಆದರೆ ಡ್ರೈವರ್ ಜಾರಿ ಪಕ್ಕದ ಪಿನ್‌ಗಳಿಗೆ ತಾಗಬಾರದು. ಕಂಪ್ಯೂಟರ್ ಎದ್ದರೆ ತಪ್ಪು ಬಟನ್ನಿನದು. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಇದು ಅಪರೂಪವಲ್ಲ. ಕ್ಯಾಬಿನೆಟ್ ಬದಲಾಗುವವರೆಗೆ ರೀಸೆಟ್ ಬಟನ್ನಿನ ವೈರನ್ನು ಪವರ್ ಪಿನ್‌ಗಳಿಗೆ ಹಾಕಿಕೊಳ್ಳಿ, ಆರಾಮವಾಗಿ ನಡೆಯುತ್ತದೆ.

ಇದೇ ಹೊತ್ತಿಗೆ ಮುಂಭಾಗದ ಯುಎಸ್‌ಬಿ ಮತ್ತು ಆಡಿಯೋ ಕೇಬಲ್‌ಗಳನ್ನೂ ಕಿತ್ತಿಡಿ. ಯುಎಸ್‌ಬಿ ಪ್ಲಗ್ ಒಂದು ಪಿನ್ ತಪ್ಪಿ ಕೂತರೆ ಅಥವಾ ಒಳಗೆ ಪಿನ್ ಬಾಗಿದ್ದರೆ 5 ವೋಲ್ಟ್ ನೇರ ಗ್ರೌಂಡಿಗೆ (ಸೊನ್ನೆ ವೋಲ್ಟ್‌ನ ವೈರಿಗೆ) ಸೇರಿ ಇಡೀ ಯಂತ್ರ ಏಳದಂತೆ ಮಾಡಬಲ್ಲದು.

24 ಪಿನ್, 8 ಪಿನ್

24 ಪಿನ್ನಿನ ದೊಡ್ಡ ಕನೆಕ್ಟರ್ ಕೂತಂತೆ ಕಾಣುತ್ತದೆ, ಕೂತಿರುವುದಿಲ್ಲ. ಅದನ್ನು ಪೂರ್ತಿ ತಳ್ಳಲು ಬೇಕಾಗುವ ಬಲ ನೋಡಿದರೆ ಬೋರ್ಡ್ ಮುರಿದೀತು ಎಂಬ ಭಯ ಸಹಜ. ಬೋರ್ಡಿನ ಅಂಚಿನ ಅಡಿಗೆ ಬೆರಳು ಕೊಟ್ಟು, ಮೇಲಿನಿಂದ ನೇರವಾಗಿ ಅದುಮಿ, ಪಕ್ಕದ ಕೊಕ್ಕೆ ಬೋರ್ಡಿನ ಕಡೆಯ ಏಣಿನ ಮೇಲೆ ಟಕ್ಕೆಂದು ಹತ್ತಬೇಕು. 20 ಮತ್ತು 4 ಎಂದು ಎರಡು ತುಂಡಾಗಿ ಬರುವ ಕನೆಕ್ಟರ್‌ನಲ್ಲಿ 4ರ ತುಂಡು ಮೇಲೆದ್ದು ನಿಂತಿರುವುದು ತೀರಾ ಸಾಮಾನ್ಯ.

ಎರಡನೆಯದು ಪ್ರೊಸೆಸರ್‌ನ 8 ಪಿನ್, ಸಾಮಾನ್ಯವಾಗಿ ಬೋರ್ಡಿನ ಎಡ ಮೇಲ್ಮೂಲೆಯಲ್ಲಿ. ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ, ಹಾಗಾಗಿ ಮರೆತುಹೋಗುತ್ತದೆ. 24 ಪಿನ್ ಒಂದರಿಂದಲೇ ಫ್ಯಾನ್ ತಿರುಗಬಹುದು, ಪ್ರೊಸೆಸರ್ ಮಾತ್ರ ಏಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಎಸ್‌ಎಂಪಿಎಸ್‌ನಿಂದ ಎರಡು ಬಗೆಯ 8 ಪಿನ್ ಬರುತ್ತದೆ. 4 ಮತ್ತು 4 ಆಗಿ ಬಿಡಿಸಬಹುದಾದದ್ದು ಪ್ರೊಸೆಸರಿಗೆ, 6 ಮತ್ತು 2 ಆಗಿ ಬಿಡಿಸಬಹುದಾದದ್ದು ಗ್ರಾಫಿಕ್ಸ್ ಕಾರ್ಡಿಗೆ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾಗಿವೆ. ಪ್ರೊಸೆಸರ್‌ನದರಲ್ಲಿ 12 ವೋಲ್ಟ್ ಕೊಕ್ಕೆಯ ಕಡೆಯ ಸಾಲಿನಲ್ಲಿ, ಗ್ರಾಫಿಕ್ಸ್‌ನದರಲ್ಲಿ ಎದುರು ಸಾಲಿನಲ್ಲಿ. ತಪ್ಪಿ ಹೋಗದಿರಲೆಂದೇ ಪಿನ್‌ಗಳ ಆಕಾರ ಬೇರೆ ಮಾಡಿದ್ದಾರೆ. ಆದರೂ ಬಲವಂತ ಮಾಡಿ ತುರುಕಿದರೆ 12 ವೋಲ್ಟ್ ನೇರ ಶಾರ್ಟ್. ಪ್ಲಗ್ ಮೇಲೆ ಬರೆದಿರುವುದನ್ನು ಓದಿ ಹಾಕಿ.

ಕೇಬಲ್ ಬಿಡಿಬಿಡಿಯಾಗಿ ಬರುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಅದರ ಕಡೆಯ ತುದಿಯನ್ನೂ ಅದುಮಿ ನೋಡಿ. ಮುಖ್ಯವಾಗಿ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ‘ಸರಿಯಾಗಿ ಕೂರುತ್ತದಲ್ಲ’ ಎಂದು ಹೊಸದಕ್ಕೆ ಬಳಸಬೇಡಿ. ಬೋರ್ಡಿನ ಕಡೆಯ ತುದಿ ಎಲ್ಲರದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ಏಕರೂಪದ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೇ ವ್ಯತ್ಯಾಸ ಇರಬಹುದು. 5 ವೋಲ್ಟ್ ಹೋಗಬೇಕಾದ ಕಡೆ 12 ವೋಲ್ಟ್ ಹೋಗಿ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಎಸ್‌ಎಂಪಿಎಸ್ ಜೀವಂತವೇ?

ಇಷ್ಟರ ಮೇಲೂ ಯಂತ್ರ ಮೌನವಾಗಿದ್ದರೆ ಎಸ್‌ಎಂಪಿಎಸ್ ಒಂದನ್ನೇ ಬೇರ್ಪಡಿಸಿ ನೋಡಬಹುದು. ಎಸ್.ಪಿ. ರೋಡಿನಲ್ಲಿ ಸಿಗುವ ಪುಟ್ಟ ಎಸ್‌ಎಂಪಿಎಸ್ ಟೆಸ್ಟರ್ ಇದ್ದರೆ ಎಲ್ಲಕ್ಕಿಂತ ಸುಲಭ: 24 ಪಿನ್ ಅದಕ್ಕೆ ಸಿಕ್ಕಿಸಿದರೆ ಸಾಕು. ಇಲ್ಲದಿದ್ದರೆ ಪೇಪರ್ ಕ್ಲಿಪ್ ಪರೀಕ್ಷೆ.

1. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಎಲ್ಲದರಿಂದಲೂ ಎಸ್‌ಎಂಪಿಎಸ್ ಕೇಬಲ್‌ಗಳನ್ನು ಬಿಡಿಸಿ.

2. 24 ಪಿನ್ನಿನಲ್ಲಿ ಹಸಿರು ವೈರ್ ಹುಡುಕಿ. ಅದೇ ‘ಆನ್ ಆಗು’ ಎಂಬ ಸೂಚನೆಯ ವೈರ್, 16ನೆಯ ಪಿನ್. ಈಚಿನ ಕೇಬಲ್‌ಗಳೆಲ್ಲ ಕಪ್ಪು, ಆಗ ಎಣಿಸಬೇಕು. ಕೊಕ್ಕೆ ಇರುವ ಕಡೆಯ ಸಾಲಿನಲ್ಲಿ ಒಂದು ಕುಳಿಗೆ ವೈರ್ ಇರುವುದಿಲ್ಲ. ಆ ಖಾಲಿ ಕುಳಿಯ ಒಂದು ಬದಿಗೆ ನಾಲ್ಕು ಪಿನ್, ಇನ್ನೊಂದು ಬದಿಗೆ ಏಳು. ಏಳಿರುವ ಕಡೆಗೆ ಎಣಿಸುತ್ತಾ ಹೋದರೆ ನಾಲ್ಕನೆಯದೇ ನಮಗೆ ಬೇಕಾದದ್ದು. ಅದರ ಎರಡೂ ಪಕ್ಕದವು ಗ್ರೌಂಡ್.

3. ‘ಯು’ ಆಕಾರಕ್ಕೆ ಬಾಗಿಸಿದ ಕ್ಲಿಪ್‌ನ ಒಂದು ತುದಿ ಆ ಪಿನ್ನಿಗೆ, ಇನ್ನೊಂದು ಪಕ್ಕದ ಗ್ರೌಂಡಿಗೆ. ಒಂದು ಕ್ಯಾಬಿನೆಟ್ ಫ್ಯಾನನ್ನು ಎಸ್‌ಎಂಪಿಎಸ್‌ನ ಕೇಬಲ್ಲಿಗೆ ಜೋಡಿಸಿಡಿ.

4. ಕ್ಲಿಪ್‌ನಿಂದ ಕೈ ತೆಗೆದ ಮೇಲೆ ಪ್ಲಗ್ ಹಾಕಿ, ಸ್ವಿಚ್ ಆನ್ ಮಾಡಿ.

ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್ ಕನಿಷ್ಠ ಉಸಿರಾಡುತ್ತಿದೆ. ಎಸ್‌ಎಂಪಿಎಸ್‌ನ ಸ್ವಂತ ಫ್ಯಾನ್ ಮಾತ್ರ ನೋಡಿ ತೀರ್ಪು ಕೊಡಬೇಡಿ: ಈಗಿನ ಹಲವು ಮಾದರಿಗಳಲ್ಲಿ ಲೋಡ್ ಕಡಿಮೆಯಿದ್ದಾಗ ಅದು ತಿರುಗುವುದೇ ಇಲ್ಲ. ಹೊರಗಿನ ಫ್ಯಾನ್ ಜೋಡಿಸಲು ಹೇಳಿದ್ದು ಇದಕ್ಕೇ.

ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ನೇರಳೆ ವೈರಿನ ಸ್ಟ್ಯಾಂಡ್‌ಬೈ, ಕ್ಲಿಪ್ ಹಾಕದೆಯೇ, 4.75ರಿಂದ 5.25 ವೋಲ್ಟ್ ತೋರಿಸಬೇಕು. ಕ್ಲಿಪ್ ಹಾಕಿದ ಮೇಲೆ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.46. ಸ್ಟ್ಯಾಂಡ್‌ಬೈಯೇ ಇಲ್ಲದಿದ್ದರೆ ಎಸ್‌ಎಂಪಿಎಸ್ ಹೋಗಿದೆ, ವಾದವೇ ಬೇಡ. ಎಲ್ಲ ಸರಿಯಿದ್ದರೂ ಪೂರ್ತಿ ನಿರಾಳವಾಗುವಂತಿಲ್ಲ. ಇದು ಹೊರೆಯಿಲ್ಲದ ಪರೀಕ್ಷೆ. ಖಾಲಿ ಕೈಯಲ್ಲಿ ಓಡುವವನು ಮೂಟೆ ಹೊತ್ತಾಗ ಕುಸಿಯಬಹುದು.

ಏನೇ ಆದರೂ ಎಸ್‌ಎಂಪಿಎಸ್ ಡಬ್ಬಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್ 300ರಿಂದ 400 ವೋಲ್ಟ್ ಡಿಸಿ ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ. ವಾರಂಟಿಯ ಮಾತು ಆಮೇಲಿನದು.

ಟಿಕ್ ಎಂದು ನಿಲ್ಲುವ ಯಂತ್ರ

ಫ್ಯಾನ್ ಕಾಲು ಸುತ್ತಿಗೆ ನಿಲ್ಲುವುದು, ಎಸ್‌ಎಂಪಿಎಸ್‌ನಿಂದ ಟಿಕ್ ಸದ್ದು ಬರುವುದು ಒಂದು ಲೆಕ್ಕಕ್ಕೆ ಒಳ್ಳೆಯ ಸುದ್ದಿ. ಎಸ್‌ಎಂಪಿಎಸ್ ಕೆಲಸ ಮಾಡುತ್ತಿದೆ, ಬಟನ್ ಕೆಲಸ ಮಾಡುತ್ತಿದೆ. ಯಾವುದೋ ಲೈನ್ ಗ್ರೌಂಡಿಗೆ ತಾಗಿರುವುದರಿಂದ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿದೆ. ಒಮ್ಮೆ ಹೀಗಾದ ಮೇಲೆ ಮತ್ತೆ ಬಟನ್ ಒತ್ತಿದರೆ ಪ್ರತಿಕ್ರಿಯೆಯೇ ಬರದೆ ಇರಬಹುದು. ಹಿಂದಿನ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆಮೇಲೆ ನೋಡಿ, ಇಲ್ಲದಿದ್ದರೆ ಸರಿಪಡಿಸಿದ ಮೇಲೂ ‘ಸತ್ತಿದೆ’ ಎಂದೇ ತೋರುತ್ತದೆ.

ಮೊದಲ ಅಪರಾಧಿ ಸ್ಟ್ಯಾಂಡಾಫ್. ಮದರ್‌ಬೋರ್ಡ್ ಕ್ಯಾಬಿನೆಟ್‌ನ ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆಯ ಗಿಡ್ಡ ಕಾಲುಗಳಿವು. ಸಾಮಾನ್ಯ ಎಟಿಎಕ್ಸ್ ಅಳತೆಯ ಬೋರ್ಡಿಗೆ ಒಂಬತ್ತು ಬೇಕು, ಚಿಕ್ಕ ಅಳತೆಯ ಮೈಕ್ರೋ ಎಟಿಎಕ್ಸ್‌ಗೆ ಅದಕ್ಕಿಂತ ಕಡಿಮೆ. ಕ್ಯಾಬಿನೆಟ್ ತಯಾರಕರು ದೊಡ್ಡ ಬೋರ್ಡಿಗೆಂದು ಕಾರ್ಖಾನೆಯಲ್ಲೇ ಕೂರಿಸಿಟ್ಟಿರುತ್ತಾರೆ. ನೀವು ಸಣ್ಣ ಬೋರ್ಡ್ ಹಾಕಿದರೆ ಸ್ಕ್ರೂ ತೂತಿಲ್ಲದ ಕಡೆ ಒಂದು ಕಾಲು ಉಳಿದು, ಬೋರ್ಡಿನ ಹಿಂಬದಿಯ ಬೆಸುಗೆ ಚುಕ್ಕೆಗಳಿಗೆ ಒತ್ತುತ್ತದೆ. ಬೋರ್ಡ್ ಎತ್ತಿ, ಪ್ರತಿ ಕಾಲಿನ ಮೇಲೂ ಬೋರ್ಡಿನ ತೂತು ಬರುತ್ತದೆಯೇ ಎಂದು ಎಣಿಸಿ. ಬಾರದ್ದನ್ನು ತಿರುಗಿಸಿ ತೆಗೆಯಿರಿ. ಬೋರ್ಡನ್ನು ಎತ್ತಿದಾಗಲೇ ಅಡಿಯಲ್ಲಿ ಬಿದ್ದುಹೋದ ಸ್ಕ್ರೂ ಇದೆಯೇ ನೋಡಿ. ಕ್ಯಾಬಿನೆಟ್ ಅಲುಗಾಡಿಸಿದಾಗ ಗಿಲಗಿಲ ಎಂದರೆ ಅನುಮಾನವೇ ಇಲ್ಲ.

ಹಿಂದಿನ ಪೋರ್ಟ್‌ಗಳ ಸುತ್ತ ಕೂರಿಸುವ ತಗಡಿನ ಪಟ್ಟಿಯಲ್ಲಿ ಸಣ್ಣ ನಾಲಿಗೆಗಳಿರುತ್ತವೆ. ಅವು ಪೋರ್ಟಿನ ಮೇಲೆ ಒರಗಬೇಕೇ ಹೊರತು ಯುಎಸ್‌ಬಿ ಅಥವಾ ನೆಟ್‌ವರ್ಕ್ ಪೋರ್ಟಿನ ಒಳಗೆ ಚುಚ್ಚಿಕೊಂಡಿರಬಾರದು.

ಎಲ್ಲ ಹೊರಗೆ ತೆಗೆದು, ರಟ್ಟಿನ ಮೇಲೆ

ಇನ್ನೂ ಸಿಗಲಿಲ್ಲವೆಂದರೆ ಕ್ಯಾಬಿನೆಟ್ ಜತೆ ಜಗಳ ಬೇಡ. ಬೋರ್ಡನ್ನು ಪೂರ್ತಿ ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಅದು ಸುತ್ತಿ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಮಾತ್ರ ಬೇಡ, ಸ್ಥಿರ ವಿದ್ಯುತ್ತಿನಿಂದ ಕಾಪಾಡಲೆಂದು ಮಾಡಿದ ಆ ಚೀಲ ಸ್ವಲ್ಪ ಮಟ್ಟಿಗೆ ವಿದ್ಯುತ್ ಹರಿಸಬಲ್ಲದು. ಕೆಲಸದ ನಡುನಡುವೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟುತ್ತಿರಿ. ಬೆಂಗಳೂರಿನ ಫೆಬ್ರವರಿ-ಮಾರ್ಚ್‌ನ ಒಣ ಮಧ್ಯಾಹ್ನಗಳಲ್ಲಿ ಪಾಲಿಯೆಸ್ಟರ್ ಬಟ್ಟೆ ಹಾಕಿ ಈ ಕೆಲಸಕ್ಕೆ ಕೂರುವವರಿಗೆ ಇದು ಬರೀ ಶಾಸ್ತ್ರವಲ್ಲ.

ಬೋರ್ಡಿನ ಮೇಲೆ ಇಷ್ಟೇ ಇರಲಿ: ಪ್ರೊಸೆಸರ್, ಅದರ ಕೂಲರ್ (ಫ್ಯಾನ್ ವೈರ್ ಸಿಪಿಯು ಫ್ಯಾನ್ ಪಿನ್‌ಗಳಿಗೆ), ಒಂದೇ ಒಂದು ರ್‍ಯಾಮ್, 24 ಪಿನ್, 8 ಪಿನ್. ಎಸ್‌ಎಸ್‌ಡಿ ಬೇಡ. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕಾರ್ಡೂ ಬೇಡ. ಸ್ಕ್ರೂ ಡ್ರೈವರಿನಿಂದ ಮೊದಲಿನಂತೆ ಆನ್ ಮಾಡಿ.

ಎದ್ದಿತೇ? ಕ್ಯಾಬಿನೆಟ್‌ನಲ್ಲಿ ಶಾರ್ಟ್ ಇತ್ತು, ಇಲ್ಲವೇ ಕಿತ್ತಿಟ್ಟ ಭಾಗಗಳಲ್ಲೊಂದು ಕೆಟ್ಟಿದೆ. ಒಂದೊಂದಾಗಿ ಸೇರಿಸಿ, ಪ್ರತಿ ಸಲವೂ ಪ್ಲಗ್ ಕಿತ್ತು. ಯಾವುದು ಸೇರಿದಾಗ ನಿಲ್ಲುತ್ತದೋ ಅದೇ ಕಳ್ಳ. ಏಳಲಿಲ್ಲವೇ? ರ್‍ಯಾಮನ್ನೂ ತೆಗೆದು ಆನ್ ಮಾಡಿ. ಬೋರ್ಡ್ ಜೀವಂತವಿದ್ದರೆ ರ್‍ಯಾಮ್ ಇಲ್ಲವೆಂದು ಲೈಟ್ ಹೊತ್ತಿಸಿಯೋ, ಸ್ಪೀಕರ್ ಇದ್ದರೆ ಬೀಪ್ ಮಾಡಿಯೋ ದೂರುತ್ತದೆ. ದೂರುವ ಬೋರ್ಡ್ ಸತ್ತಿಲ್ಲ. ಅದೂ ಇಲ್ಲದೆ, ಎಸ್‌ಎಂಪಿಎಸ್ ಸರಿಯೆಂದು ಗೊತ್ತಿದ್ದೂ ಮೌನವಾದರೆ ಕೊನೆಯದಾಗಿ ಪ್ರೊಸೆಸರ್ ಎತ್ತಿ ಅದು ಕೂರುವ ಸಾಕೆಟ್ ನೋಡಬೇಕು.

ಇಂಟೆಲ್‌ನ ಬೋರ್ಡ್‌ಗಳಲ್ಲಿ ಮತ್ತು ಎಎಂಡಿಯ ಹೊಸ ಸಾಕೆಟ್ ಮಾದರಿ ಎಎಂ5ರಲ್ಲಿ ಪಿನ್‌ಗಳು ಸಾಕೆಟ್‌ನಲ್ಲಿವೆ, ಹಳೆಯ ಎಎಂ4ರಲ್ಲಿ ಪ್ರೊಸೆಸರ್‌ನ ಅಡಿಯಲ್ಲಿ. ಫೋನ್ ಟಾರ್ಚನ್ನು ಓರೆಯಾಗಿ ಹಿಡಿದರೆ ಸಾಕೆಟ್‌ನ ಪಿನ್‌ಗಳೆಲ್ಲ ಒಂದೇ ಸಮ ಮಿನುಗಬೇಕು. ಒಂದು ಕಡೆ ಬೇರೆ ರೀತಿ ಮಿನುಗಿದರೆ ಅಲ್ಲಿ ಪಿನ್ ಬಾಗಿದೆ. ಕೂದಲಿನಷ್ಟು ತೆಳುವಾದ ಅದನ್ನು ನೆಟ್ಟಗೆ ಮಾಡುವುದು ಅಭ್ಯಾಸವಿಲ್ಲದ ಕೈಗೆ ಹೇಳಿದ ಕೆಲಸವಲ್ಲ. ಎಎಂ4ರಲ್ಲಿ ಕೂಲರ್ ಎತ್ತುವಾಗ ಥರ್ಮಲ್ ಪೇಸ್ಟ್‌ನ ಅಂಟಿಗೆ ಪ್ರೊಸೆಸರೂ ಸಾಕೆಟ್‌ನಿಂದ ಕಿತ್ತು ಬರುತ್ತದೆ. ಕೂಲರನ್ನು ನೇರ ಎಳೆಯದೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಎತ್ತಿ.

ಪರದೆ ಕಪ್ಪು

ಫ್ಯಾನ್ ತಿರುಗುತ್ತಿದ್ದರೆ ಮೊದಲು ಮಾನಿಟರ್ ಕೇಬಲ್ ಎಲ್ಲಿದೆ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು. ಕಾರ್ಡ್ ಇಲ್ಲದಿದ್ದರೆ ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇರಬೇಕು. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಅದಿಲ್ಲ. ರೈಜನ್ 5 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ಬೋರ್ಡಿನಲ್ಲಿ ಎಚ್‌ಡಿಎಂಐ ಪೋರ್ಟ್ ಇದೆ ಎಂದ ಮಾತ್ರಕ್ಕೆ ಚಿತ್ರ ಬರುವುದಿಲ್ಲ.

ಆಮೇಲೆ ಬೋರ್ಡಿನ ಅಂಚಿನ ನಾಲ್ಕು ಪುಟ್ಟ ಲೈಟ್‌ಗಳು: ಸಿಪಿಯು, ಡಿರ್‍ಯಾಮ್, ವಿಜಿಎ, ಬೂಟ್. ಕ್ರಮವಾಗಿ ಪ್ರೊಸೆಸರ್, ರ್‍ಯಾಮ್, ಗ್ರಾಫಿಕ್ಸ್, ಡಿಸ್ಕಿನಿಂದ ವಿಂಡೋಸ್ ಶುರುವಾಗುವ ಹಂತ. ಎಲ್ಲಿ ನಿಂತಿದೆಯೋ ತೊಂದರೆ ಅಲ್ಲಿ. ಬೂಟ್ ಮೇಲೆ ನಿಂತರೆ ಚಿಂತೆಯೇ ಇಲ್ಲ, ವಿಂಡೋಸ್ ಇನ್ನೂ ಹಾಕಿಲ್ಲ ಅಷ್ಟೇ.

ಡಿರ್‍ಯಾಮ್ ಲೈಟ್‌ಗೆ ಆತುರ ಬೇಡ. ಹೊಸ ಪೀಳಿಗೆಯ ರ್‍ಯಾಮ್ ಆದ ಡಿಡಿಆರ್5ರ ಬೋರ್ಡ್‌ಗಳು, ಅದರಲ್ಲೂ ಎಎಂ5, ಮೊದಲ ಸಲ ಆನ್ ಆದಾಗ ರ್‍ಯಾಮ್ ಜತೆ ಹೊಂದಾಣಿಕೆ ಮಾಡಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟೂ ಹೊತ್ತು ಪರದೆ ಕಪ್ಪು. ನಡುವೆ ತಾನೇ ಒಮ್ಮೆ ಆಫ್ ಆಗಿ ಆನ್ ಆಗಲೂಬಹುದು. ಎರಡನೇ ನಿಮಿಷಕ್ಕೆ ತಾಳ್ಮೆಗೆಟ್ಟು ಸ್ವಿಚ್ ಆಫ್ ಮಾಡಿದರೆ ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಹೀಗೆ ಸಂಜೆಯಿಡೀ ಆನ್-ಆಫ್ ಮಾಡಿ ಬೋರ್ಡ್ ಹಿಂದಿರುಗಿಸಿದವರಿದ್ದಾರೆ. ಕಾಫಿ ಮಾಡಿಕೊಂಡು ಬನ್ನಿ, ಕಾಲು ಗಂಟೆಯಾದರೂ ಬಿಡಿ.

ಆಮೇಲೂ ನಿಂತಿದ್ದರೆ ಪ್ಲಗ್ ಕಿತ್ತು ರ್‍ಯಾಮ್ ತೆಗೆದು ಮತ್ತೆ ಕೂರಿಸಿ, ಎರಡೂ ತುದಿ ಸಮವಾಗಿ ಇಳಿದು ಕ್ಲಿಪ್ ತಾನೇ ಮುಚ್ಚಿಕೊಳ್ಳಬೇಕು. ನಾಲ್ಕು ಸ್ಲಾಟ್ ಇದ್ದರೆ ಒಂದೇ ರ್‍ಯಾಮ್ ಹಾಕುವ ಜಾಗ ಪ್ರೊಸೆಸರಿನಿಂದ ಎರಡನೆಯದು, ಎರಡಾದರೆ ಎರಡನೆಯದು ಮತ್ತು ನಾಲ್ಕನೆಯದು. ಕೂಲರನ್ನು ಒಂದು ಕಡೆ ಅತಿ ಬಿಗಿ ಮಾಡಿದ್ದರೂ ರ್‍ಯಾಮ್ ಕಾಣದೆ ಹೋಗುತ್ತದೆ, ಏಕೆಂದರೆ ರ್‍ಯಾಮ್‌ನ ಲೈನ್‌ಗಳು ಪ್ರೊಸೆಸರಿನ ಪಿನ್‌ಗಳ ಮೂಲಕವೇ ಹಾಯುತ್ತವೆ. ಕೊನೆಗೆ ಪ್ಲಗ್ ಕಿತ್ತು, ಬೋರ್ಡಿನ ಸಿಆರ್2032 ನಾಣ್ಯ ಸೆಲ್ ಐದು ನಿಮಿಷ ಹೊರತೆಗೆದಿಟ್ಟು ಸೆಟ್ಟಿಂಗ್‌ಗಳನ್ನು ಅಳಿಸಿ ನೋಡಿ.

ಸಿಪಿಯು ಲೈಟ್ ಹೊತ್ತಿಕೊಂಡು, 8 ಪಿನ್ ಸರಿಯಿದ್ದು, ಪಿನ್‌ಗಳೂ ನೆಟ್ಟಗಿದ್ದರೆ ಬಯಾಸ್ (ಬೋರ್ಡಿನಲ್ಲೇ ಇರುವ, ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಹಳತಿರಬಹುದು. 2021ರ ಕೊನೆಗೆ ಇಂಟೆಲ್‌ನ 12ನೇ ಪೀಳಿಗೆಯೊಂದಿಗೆ ಬಂದ 600 ಸರಣಿಯ ಬೋರ್ಡ್‌ಗೆ 13ನೆಯ ಪೀಳಿಗೆಯ ಪ್ರೊಸೆಸರ್ ಗೊತ್ತಾಗಲು ಬಯಾಸ್ ಅಪ್‌ಡೇಟ್ ಬೇಕು. 2022ರ ಎಎಂ5 ಬೋರ್ಡ್‌ಗೆ 2024ರ ರೈಜನ್ 9000 ಸರಣಿ ಹಾಕಿದರೂ ಇದೇ ಕಥೆ. ಅಂಗಡಿಯಲ್ಲಿ ವರ್ಷವಿಡೀ ಕೂತಿದ್ದ ಬೋರ್ಡ್‌ಗಳಲ್ಲಿ ಇದು ಸಹಜ. ಹಲವು ಬೋರ್ಡ್‌ಗಳ ಹಿಂದೆ ಪ್ರೊಸೆಸರ್ ಏಳದೆಯೇ ಬಯಾಸ್ ತುಂಬುವ ಫ್ಲ್ಯಾಶ್ ಬಟನ್ ಇರುತ್ತದೆ. ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್, ಕಂಪನಿ ಹೇಳಿದ ಹೆಸರಿನಲ್ಲೇ ಫೈಲ್, ಗುರುತು ಮಾಡಿದ ಯುಎಸ್‌ಬಿ ಪೋರ್ಟ್, ಆಮೇಲೆ ಬಟನ್. ಲೈಟ್ ಮಿನುಗುವುದು ನಿಲ್ಲುವವರೆಗೆ ಕೈ ಹಚ್ಚಬೇಡಿ. ಮೊದಲು ಬೇಡವೆಂದ ಯುಪಿಎಸ್ ಈ ಒಂದು ಕೆಲಸಕ್ಕೆ ಬೇಕೇ ಬೇಕು. ಏಪ್ರಿಲ್-ಮೇ ಸಂಜೆ ಗುಡುಗು ಶುರುವಾದ ಮೇಲೆ ಬೆಸ್ಕಾಂ ಮೇಲೆ ಭಾರ ಹಾಕಿ ಬಯಾಸ್ ಬರೆಯಲು ಕೂರಬೇಡಿ.

ಅಂಗಡಿಗೆ ಒಯ್ಯುವುದಾದರೆ

ಇಡೀ ಕ್ಯಾಬಿನೆಟ್ ಹೊತ್ತುಕೊಂಡು ಎಸ್.ಪಿ. ರೋಡಿನ ಜನಜಂಗುಳಿಗೆ ಇಳಿಯಬೇಡಿ, ಅಲ್ಲಿ ಗಾಡಿ ನಿಲ್ಲಿಸುವುದೇ ಒಂದು ಸಾಹಸ. ಪ್ರೊಸೆಸರ್, ಕೂಲರ್, ರ್‍ಯಾಮ್ ಕೂತಿರುವ ಬೋರ್ಡನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಎಸ್‌ಎಂಪಿಎಸ್ ಜತೆ ಒಯ್ದರೆ ಸಾಕು. ಚಿಕ್ಕಪೇಟೆ ಅಥವಾ ಕೆ.ಆರ್. ಮಾರ್ಕೆಟ್ ಮೆಟ್ರೋ ನಿಲ್ದಾಣದಿಂದ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಜಿಎಸ್‌ಟಿ ಬಿಲ್, ಸೀರಿಯಲ್ ನಂಬರ್ ಇರುವ ಪೆಟ್ಟಿಗೆ, ಮತ್ತು ಎಲ್ಲರೂ ಬಿಸಾಡುವ ಒಂದು ವಸ್ತು ಮರೆಯಬೇಡಿ: ಪ್ರೊಸೆಸರ್ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ. ಅದಿಲ್ಲದೆ, ಅಥವಾ ಪಿನ್ ಬಾಗಿದ್ದರೆ, ಬೋರ್ಡನ್ನು ವಾರಂಟಿಗೆ ತೆಗೆದುಕೊಳ್ಳಲು ಸರ್ವಿಸ್ ಸೆಂಟರ್‌ನವರು ತಕರಾರು ಮಾಡುತ್ತಾರೆ. ಮನೆಯಲ್ಲಿ ಮಾಡಿದ ಪರೀಕ್ಷೆಯ ವಿಡಿಯೋ ಫೋನಿನಲ್ಲಿರಲಿ. ಪೆಟ್ಟಿಗೆಯಿಂದಲೇ ಕೆಟ್ಟು ಬಂದದ್ದನ್ನು ಅಂಗಡಿಯಲ್ಲೇ ಬದಲಿಸಿಕೊಡುವ ಅವಧಿ ಕೆಲವೇ ದಿನ ಇರುತ್ತದೆ. ಅದು ಮುಗಿದ ಮೇಲೆ ಕಂಪನಿಯ ಸರ್ವಿಸ್ ಸೆಂಟರ್ ದಾರಿ, ವಾರಗಟ್ಟಲೆ ಕಾಯುವ ದಾರಿ.

ಮೇಜಿನ ಮೇಲೆ ಮೊದಲು ಅವರ ಎಸ್‌ಎಂಪಿಎಸ್‌ಗೆ ನಿಮ್ಮ ಬೋರ್ಡ್, ಆಮೇಲೆ ನಿಮ್ಮ ಎಸ್‌ಎಂಪಿಎಸ್‌ಗೆ ನಿಮ್ಮ ಬೋರ್ಡ್, ನಿಮ್ಮ ಕಣ್ಣೆದುರೇ ಹಾಕಿಸಿ ನೋಡಿ. ಮನೆಯ ಪವರ್ ಕೇಬಲನ್ನೂ ಒಯ್ದಿರಿ. ಆ ಕೇಬಲ್ ಸಮೇತ ಎಲ್ಲವೂ ಅಲ್ಲಿ ಮೊದಲ ಏಟಿಗೇ ಎದ್ದರೆ, ಮನೆಯಲ್ಲಿ ಹುಡುಕಲು ಉಳಿದಿರುವುದು ಮೂರೇ: ನಿಮ್ಮ ಕ್ಯಾಬಿನೆಟ್, ಮನೆಯಲ್ಲೇ ಬಿಟ್ಟು ಬಂದ ಭಾಗಗಳು, ನಿಮ್ಮ ಗೋಡೆಯ ಸಾಕೆಟ್.